ಇನ್ನೂರು ಪುಟ ಆದ್ರೂ ಕೈ ಮುಟ್ಟಲ್ಲ, ಆದ್ರೂ ಪುಸ್ತಕ ಕೆಳಗಿಡಕ್ಕಾಗಲ್ಲ: ಅರಮನೆ ಪ್ರೇಮದ ಕಾದಂಬರಿ ಯಾಕೆ ಹಿಂಗೆ ಹಿಡಿಸ್ತಾವೆ?

ಪುಷ್ಕರಣಿ ಮೆಟ್ಟಿಲು:

ಎಲ್ರಿಗೂ ನಮಸ್ಕಾರ. ದಾವಣಗೆರೆ, ದುರ್ಗದ ಕಡೆ ಓದೋರು ಯಾರಾದ್ರೂ ಇದ್ರೆ ಬನ್ನಿ, ತುಂಬಾ ದಿನದಿಂದ ತಲೆ ಕೊರೀತಿರೋ ವಿಷ್ಯ. ನಾನು ಜಾಸ್ತಿ ಓದೋದು ರಾಜರ ಕಾಲದ ಪ್ರೇಮದ ಕಥೆಗಳು, ಅದ್ರಲ್ಲೂ ನಿಧಾನದವು, ಈಗಿನೋರು ಸ್ಲೋ ಬರ್ನ್ ಅಂತಾರಲ್ಲ ಅವು. ಮೊನ್ನೆ ಒಂದು ಆ್ಯಪಲ್ಲಿ ಧಾರಾವಾಹಿ ಓದ್ತಿದ್ದೆ, ದಳವಾಯಿ ಮಗ ಒಬ್ಬ, ರಾಣಿವಾಸದ ಮಕ್ಕಳಿಗೆ ಅಕ್ಷರ ಕಲಿಸೋ ಹೆಣ್ಣುಮಗಳು ಒಬ್ಬಳು, ಅರವತ್ತು ಕಂತು ಆದ್ರೂ ಇಬ್ರೂ ಸರಿಯಾಗಿ ಮುಖ ನೋಡಿ ಮಾತಾಡಿಲ್ಲ. ಅರವತ್ತೊಂದನೇ ಕಂತಲ್ಲಿ ಗಾಳಿ ಬೀಸ್ತೈತಿ, ಅವಳ ಕೈಲಿರೋ ದೀಪ ಆರ್ತೈತಿ ಅಂತ ಇವನು ಅಂಗೈ ಅಡ್ಡ ಹಿಡೀತಾನೆ, ಅಷ್ಟೇ. ಅವಳ ಕೈನೂ ಮುಟ್ಟಲ್ಲ, ದೀಪಕ್ಕೆ ಅಡ್ಡ ಹಿಡೀತಾನೆ ಅಷ್ಟೇ. ನಾನು ಒಲೆ ಮುಂದೆ ನಿಂತು ಓದ್ತಿದ್ದೆ, ಸಾರು ಉಕ್ಕಿ ಬರ್ನರ್ ಆರಿ ಹೋಗಿದ್ದೂ ಗೊತ್ತಾಗ್ಲಿಲ್ಲ. ಮನೆಯವ್ರು ಬಂದು ಏನಾಯ್ತು ಅಂದ್ರು, ಹೇಳಿದೆ, "ಏನೂ ಆಗ್ಲೇ ಇಲ್ವಲ್ಲೇ" ಅಂದ್ರು. ಅವ್ರು ಹೇಳಿದ್ದೂ ಸರಿನೇ. ಆದ್ರೆ ಅವತ್ತು ನನಗೆ ಎದೆ ಹೊಡ್ಕೊಂಡಿದ್ದು ಸುಳ್ಳಲ್ಲ.

ನಮ್ಮೂರು ಸಂತೇಬೆನ್ನೂರು. ಪಾಳೆಗಾರರ ಕಾಲದ ಹೊಂಡ, ನಡುವೆ ವಸಂತ ಮಂಟಪ, ನೋಡಿರೋರಿಗೆ ಹೇಳೋದೇ ಬೇಡ. ಸಣ್ಣೋಳಿದ್ದಾಗ ಮೆಟ್ಟಿಲ ಮೇಲೆ ಕೂತು ಆ ಮಂಟಪ ನೋಡ್ತಾ ಇರ್ತಿದ್ದೆ. ಅಲ್ಲಿ ಯಾರೋ ನಿಂತಿದಾರೆ, ಇಲ್ಲಿ ದಡದಲ್ಲಿ ಯಾರೋ ನಿಂತಿದಾರೆ, ನಡುವೆ ನೀರು. ಇಬ್ರಿಗೂ ಒಬ್ರಿಗೊಬ್ರು ಕಾಣ್ತಾರೆ, ಆದ್ರೆ ಊರಿಗೆಲ್ಲಾನೂ ಕಾಣ್ತಾರೆ. ನಾನು ಈ ಥರ ಕಥೆ ಹುಡುಕೋದು ಅಲ್ಲಿಂದಾನೇ ಶುರುವಾಯ್ತೇನೋ ಅನಿಸ್ತೈತಿ. ನಿಮಗೆ ಹೆಂಗೆ? ಯಾಕೆ ಓದ್ತೀರಿ, ಏನು ಹಿಡಿಸ್ತೈತಿ?

ಜೋಗಿಮಟ್ಟಿ ಗಾಳಿ:

ಅಕ್ಕಾ ಆ ದೀಪದ ಕಂತು ನಾನೂ ಓದಿದೀನಿ!! ಹಾಸ್ಟೆಲ್ಲಲ್ಲಿ ರೂಮ್ಮೇಟನ್ನ ಎಬ್ಬಿಸಿ ಓದಿಸಿದೆ ರಾತ್ರಿ ಹನ್ನೆರಡಕ್ಕೆ.

ನಾನು ಈ ಕಡೆ ಬಂದಿದ್ದು ಕೊರಿಯನ್ ಸೀರಿಯಲ್ ನೋಡಿ, ಜೋಸನ್ ಕಾಲದವು, 1392ರಿಂದ ಐನೂರು ವರ್ಷ ಆಳಿದ ವಂಶ ಅದು. ಅಲ್ಲಿ ಅರಮನೆ ಒಳಗೆ ಕೆಲಸ ಮಾಡೋ ಹೆಣ್ಣುಮಕ್ಕಳು ಲೆಕ್ಕಕ್ಕೆ ರಾಜನ ಹೆಂಗಸ್ರು, ರಾಜ ಅವರ ಮುಖ ಒಂದಿನಾನೂ ನೋಡದೇ ಇದ್ರೂ ಬೇರೆ ಯಾರನ್ನೂ ಮದುವೆ ಆಗಂಗಿಲ್ಲ. ಅದು ಗೊತ್ತಾದ್ಮೇಲೆ ಒಬ್ಬ ಕಾವಲಿನವನು ಅವಳ ಕಡೆ ಒಂದ್ ಸಲ ತಿರುಗಿ ನೋಡಿದ್ರೂ ಪ್ರಾಣಕ್ಕೇ ಬರುತ್ತೆ ಅಂತ ನಮಗೆ ಅರ್ಥ ಆಗುತ್ತೆ. ಕಾಲೇಜ್ ಕ್ಯಾಂಟೀನಲ್ಲಿ ನಡೆಯೋ ಪ್ರೇಮದಲ್ಲಿ ತಿರುಗಿ ನೋಡೋದಕ್ಕೆ ಏನ್ ಬೆಲೆ ಇದೆ ಹೇಳಿ, ಫೋನ್ ನಂಬರ್ ಕೇಳಿದ್ರೆ ಮುಗೀತು. ಬೆಲೆ ಇರೋದೇ ಆ ಕಾವಲಿನಿಂದ ಅಂತ ನಂಗನ್ಸುತ್ತೆ. ಕನ್ನಡದಲ್ಲಿ ಇಂಥವು ಇಲ್ಲ ಅಂದ್ಕೊಂಡಿದ್ದೆ ಮೊದಲು.

ಕೋಟೆ ಕೆಳಗಿನ ಮೇಷ್ಟ್ರು:

ಇಲ್ಲ ಅಂದ್ಕೊಂಡಿದ್ದೆ ಅಂದ್ಯಲ್ಲ ಮಗಳೇ, ಅಲ್ಲೇ ಹಿಡ್ಕೊತೀನಿ ನಾನು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದೀನಿ, ಒಂದು ಪ್ರಶ್ನೆ ಪ್ರತಿ ಬ್ಯಾಚಿಗೂ ಕೇಳ್ತಿದ್ದೆ, ನಾವು ನಾವೆಲ್ಲಿಗೆ 'ಕಾದಂಬರಿ' ಅಂತ ಯಾಕೆ ಅಂತೀವಿ? ಯಾರೂ ಹೇಳ್ತಿರಲಿಲ್ಲ. ಕಾದಂಬರಿ ಅನ್ನೋದು ಒಬ್ಬ ಹುಡುಗಿ ಹೆಸರು ಕಣ್ರಪ್ಪ. ಏಳನೇ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣಭಟ್ಟ ಸಂಸ್ಕೃತದಲ್ಲಿ ಬರೆದ ಕಥೆಯ ನಾಯಕಿ. ಹತ್ತನೇ ಶತಮಾನದ ಕೊನೆಗೆ ನಮ್ಮ ನಾಗವರ್ಮ ಅದನ್ನ ಕನ್ನಡಕ್ಕೆ ಚಂಪೂವಾಗಿ, ಅಂದ್ರೆ ಗದ್ಯ ಪದ್ಯ ಎರಡೂ ಬೆರೆಸಿ ತಂದ, ಕರ್ಣಾಟಕ ಕಾದಂಬರಿ ಅಂತ. ಆ ಹೆಸರೇ ಮುಂದೆ ಇಡೀ ಪ್ರಕಾರಕ್ಕೆ ಬಂತು. ಅಂದ್ರೆ ನೀವು ಪತ್ತೇದಾರಿ ಓದಿದ್ರೂ ಸಾಮಾಜಿಕ ಓದಿದ್ರೂ ಬಾಯಲ್ಲಿ ಹೇಳೋದು ಮಾತ್ರ ಪ್ರೀತಿಗೋಸ್ಕರ ಕಾದು ಕೂತ ಒಬ್ಬ ರಾಜಕುಮಾರಿ ಹೆಸರು.

ಎಂಥಾ ಕಾಯೋದು ಅದು ಅಂದ್ರೆ, ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡ ಕಿನ್ನರ ಜೋಡಿಯೊಂದನ್ನ ಅಟ್ಟಿಸ್ಕೊಂಡು ಹೋಗಿ ದಾರಿ ತಪ್ತಾನೆ, ಅಚ್ಛೋದ ಸರೋವರದ ದಡದಲ್ಲಿ ವೀಣೆ ಕೇಳುತ್ತೆ, ಅಲ್ಲಿ ತಪಸ್ಸಿಗೆ ಕೂತಿರೋ ಮಹಾಶ್ವೇತೆ ಸಿಗ್ತಾಳೆ. ಅವಳ ಪ್ರಿಯಕರ ತೀರ್ಕೊಂಡಿದಾನೆ, ಮತ್ತೆ ಸಿಗ್ತಾನೆ ಅನ್ನೋ ಮಾತು ನಂಬಿ ಕಾಯ್ತಿದಾಳೆ. ಅವಳ ಗೆಳತಿ ಕಾದಂಬರಿ. ಗೆಳತಿ ದುಃಖದಲ್ಲಿ ಇರೋವರೆಗೂ ನಾನು ಮದುವೆ ಆಗಲ್ಲ ಅಂತ ಪಣ ತೊಟ್ಟವಳು. ನೋಡಿ ಎಷ್ಟು ಗಟ್ಟಿ ಅಡ್ಡಿ ಅದು. ವಿಲನ್ ಇಲ್ಲ, ತಪ್ಪು ತಿಳುವಳಿಕೆ ಇಲ್ಲ, ಗೆಳತಿಗೆ ಕೊಟ್ಟ ಮಾತು ಅಷ್ಟೇ. ಅಂಥವಳ ಎದುರಿಗೆ ಚಂದ್ರಾಪೀಡ ಬಂದು ಕೂರ್ತಾನೆ. ಮಹಾಶ್ವೇತೆ ಹೇಳ್ತಾಳೆ, ಬಂದವರಿಗೆ ಮೊದಲು ತಾಂಬೂಲ ಕೊಡು ಅಂತ. ನಾಚಿಕೆಯಿಂದ ಕಾದಂಬರಿ ಕೈ ನಡುಗುತ್ತೆ, ಮುಖ ಎತ್ತಕ್ಕಾಗಲ್ಲ, ಹಂಗೇ ಕೈ ಚಾಚ್ತಾಳೆ. ಒಂದು ವೀಳ್ಯ ಕೈಯಿಂದ ಕೈಗೆ ಹೋಗೋದನ್ನ ಕವಿ ಎಷ್ಟು ಹೊತ್ತು ನಿಂತು ನೋಡ್ತಾನೆ ಅಂದ್ರೆ, ನಿಮ್ಮ ದೀಪಕ್ಕೆ ಅಡ್ಡ ಹಿಡಿದ ಅಂಗೈಗೆ ಅಲ್ಲೇ ಬೇರು ಇರೋದು. ಅಷ್ಟರಲ್ಲಿ ಅಪ್ಪನ ಓಲೆ ಬರುತ್ತೆ, ರಾಜಕುಮಾರ ಊರಿಗೆ ವಾಪಸ್ ಹೊರಡಬೇಕು. ಆಮೇಲೆ ಸಾವು, ಇನ್ನೊಂದು ಜನ್ಮ. ಕೊನೆಗೆ ಅವನ ಕೆಡದ ದೇಹ ಕಾಯ್ಕೊಂಡು ಕೂತವಳು ಅಪ್ಪಿಕೊಂಡಾಗ ಅವನು ಎದ್ದೇಳ್ತಾನೆ. ಇನ್ನೊಂದು ವಿಷ್ಯ, ಬಾಣ ಇದನ್ನ ಮುಗಿಸಲಿಲ್ಲ, ಅರ್ಧಕ್ಕೇ ತೀರ್ಕೊಂಡ, ಮಗ ಪೂರ್ತಿ ಮಾಡಿದ. ನಾನು ಇದನ್ನ ಕ್ಲಾಸಲ್ಲಿ ಹೇಳ್ವಾಗ ಪ್ರತಿ ಸಲ ಗಂಟಲು ಕಟ್ತಿತ್ತು.

ಹೊಳಲ್ಕೆರೆ ರೋಡ್:

ಮೇಷ್ಟ್ರೆ ನಿಮ್ಮ ಮಾತಿಗೆ ಎದುರು ಮಾತಾಡ್ತಿದೀನಿ ಅನ್ಕೋಬೇಡಿ, ಆದ್ರೆ ನನಗೆ ಇವು ಹಿಡಿಸಲ್ಲ, ಯಾಕೆ ಅಂತ ಹೇಳ್ಬಿಡ್ತೀನಿ. ಅರಮನೆ ಅಂದ್ರೆ ಮದುವೆ ಅನ್ನೋದು ರಾಜಕೀಯ. ಎರಡು ಪಾಳೆಪಟ್ಟಿನ ಜಗಳ ನಿಲ್ಲಿಸೋಕೆ ಹೆಣ್ಣು ಕೊಡೋದು, ಸೋತವನು ಕೊಡೋದು, ಗೆದ್ದವನು ತಗೊಳ್ಳೋದು. ಒಬ್ಬೊಬ್ಬ ರಾಜನಿಗೆ ಎಷ್ಟೆಷ್ಟು ರಾಣಿಯರು. ಹೊಯ್ಸಳ ಶಾಂತಲೆ ಬಗ್ಗೆ ಎಲ್ರೂ ನಾಟ್ಯ, ಸೌಂದರ್ಯ ಅಂತ ಹೊಗಳ್ತಾರೆ, ಆದ್ರೆ ಅವಳ ಬಿರುದು ಏನು? ಸವತಿಗಂಧವಾರಣೆ. ಸವತಿಯರ ಪಾಲಿಗೆ ಮದಿಸಿದ ಆನೆ ಅಂತ. ಶ್ರವಣಬೆಳಗೊಳದಲ್ಲಿ 1123ರಲ್ಲಿ ಕಟ್ಟಿಸಿದ ಬಸದಿಗೂ ಅದೇ ಹೆಸರು, ಹೋಗಿ ನೋಡಿ. ಬಿರುದಲ್ಲೇ ಸವತಿಯರನ್ನ ಮೆಟ್ಟಿ ನಿಲ್ಲಬೇಕಾಗಿದ್ದ ಹೆಣ್ಣುಮಗಳ ಬದುಕಲ್ಲಿ ಯಾವ ನಿಧಾನದ ಪ್ರೇಮ ಸ್ವಾಮಿ? ಲೇಖಕರು ಇದನ್ನೆಲ್ಲ ಬಿಟ್ಟು ಒಬ್ಬ ರಾಜ ಒಬ್ಬಳು ರಾಣಿ ಬೆಳದಿಂಗಳು ಅಂತ ಬರೆದ್ರೆ ಓದೋರಿಗೆ ಸುಳ್ಳು ಹೇಳಿದಂಗೆ. ನನಗೆ ಇತಿಹಾಸದ ಮೇಲೆ ಪ್ರೀತಿ ಇದೆ, ಅದಕ್ಕೇ ಸಂಕಟ ಆಗುತ್ತೆ.

ಪುಷ್ಕರಣಿ ಮೆಟ್ಟಿಲು:

ಅಣ್ಣ ನೀವು ಹೇಳಿದ್ದು ನಿಜ, ಒಪ್ತೀನಿ. ಆದ್ರೆ ಒಳ್ಳೇದು ಅಂತ ನಾನು ಅನ್ಕೊಳ್ಳೋ ಕಾದಂಬರೀಲಿ ಆ ಸವತಿಯರು ಇರ್ತಾರೆ, ಅವ್ರನ್ನ ಬಿಟ್ಟು ಬರೆದ್ರೆ ಅದಕ್ಕೆ ಉರಿನೇ ಹತ್ತಲ್ಲ. ಚನ್ನಗಿರಿ ನಮ್ಮ ತಾಲೂಕು, ಕೆಳದಿ ಚೆನ್ನಮ್ಮನ ಹೆಸರಿನ ಊರು. ಚೆನ್ನಮ್ಮನ ಕಥೆ ನೋಡಿ, ಸೋಮಶೇಖರ ನಾಯಕ ಜಾತ್ರೇಲಿ ನೋಡಿ ಮೆಚ್ಚಿ ಮದುವೆ ಆದ ಅಂತಾರೆ, ರಾಜರ ಮನೆತನದ ಹುಡುಗಿ ಅಲ್ಲ, ಶೆಟ್ಟರ ಮನೆ ಮಗಳು. ಅಂದ್ರೆ ಪ್ರೀತಿ ಮೊದಲೇ ಆಗೋಯ್ತು. ಆಮೇಲೆ ಅದೇ ರಾಜ ಕಲಾವತಿ ಅನ್ನೋ ನರ್ತಕಿ ಹಿಂದೆ ಬಿದ್ದು ಅರಮನೇನೇ ಮರೆತ. ರಾಜನ ಕೊಲೆ ಆಯ್ತು, 1671ರಿಂದ ಇಪ್ಪತ್ತೈದು ವರ್ಷ ಚೆನ್ನಮ್ಮ ಒಬ್ಬಳೇ ರಾಜ್ಯ ಆಳಿದಳು, ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯ ಎದುರಿಸಿದಳು. ಇದ್ರಲ್ಲಿ ನನಗೆ ಓದಬೇಕು ಅನ್ಸೋದು ಯಾವುದು ಗೊತ್ತಾ, ಗಂಡ ಬೇರೆ ಕಡೆ ಹೋಗ್ತಾ ಇರೋ ಆ ವರ್ಷಗಳು. ಪ್ರೀತಿ ನಿಧಾನಕ್ಕೆ ಹತ್ತೋದು ಬರೀತಾರೆ, ನಿಧಾನಕ್ಕೆ ಆರೋದನ್ನೂ ಅಷ್ಟೇ ಗಮನ ಇಟ್ಟು ಬರೀಬೇಕು ಅಂತ ನನ್ನ ಆಸೆ. ಅರಮನೆ ಊಟದ ಹೊತ್ತಲ್ಲಿ ಒಂದು ಮಣೆ ಖಾಲಿ ಇರ್ತೈತಿ, ಬಡಿಸೋರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡಂಗಿಲ್ಲ. ಅದನ್ನ ಯಾರಾದ್ರೂ ನೂರು ಪುಟ ಬರೆದ್ರೂ ನಾನು ಓದ್ತೀನಿ.

ಮಂಡಕ್ಕಿ ಭಟ್ಟಿ:

ನಮಸ್ಕಾರ್ರಿ. ನಾನು ಅಷ್ಟೇನು ಓದಿದೋನಲ್ಲ ಆದ್ರೆ ಈ ವಿಷ್ಯ ನೋಡಿ ಸುಮ್ನಿರಕ್ಕಾಗಲಿಲ್ಲ. ನಮ್ಮಜ್ಜಿ ದಾವಣಗೆರೇಲಿ ಮಂಡಕ್ಕಿ ಭಟ್ಟಿ ಕೆಲ್ಸಕ್ಕೆ ಹೋಗ್ತಿತ್ತು, ಅಜ್ಜಿಗೆ ಓದಕ್ಕೆ ಬರ್ತಿರ್ಲಿಲ್ಲ, ಅಲ್ಲಿದ್ದ ಹೆಂಗಸ್ರಲ್ಲಿ ಯಾರಿಗೂ ಬರ್ತಿರ್ಲಿಲ್ಲ. ನಮ್ಮತ್ತೆ ಆಗ ಏಳನೇ ಕ್ಲಾಸು. ವಾರಪತ್ರಿಕೇಲಿ ಬರೋ ರಾಜರ ಕಥೆ ಧಾರಾವಾಹಿ ಅತ್ತೆ ಕೈಲಿ ಓದುಸ್ತಿದ್ರಂತೆ, ಮಧ್ಯಾಹ್ನ ಉಂಡ್ಮೇಲೆ ಅರ್ಧ ಗಂಟೆ. ಕಾದ ಮರಳಿನ ಬಿಸಿ, ಮೈಯೆಲ್ಲ ಹೊಟ್ಟು ಧೂಳು, ಸೆರಗಲ್ಲಿ ಮುಖ ಒರೆಸ್ಕೊತ ಎಲ್ರೂ ಸುತ್ತ ಕೂರೋರಂತೆ. ರಾಜಕುಮಾರಿ ಕಿಟಕಿ ಪರದೆ ಸರಿಸಿದಳು ಅಂದ ತಕ್ಷಣ 'ಮುಂದುವರಿಯುವುದು' ಅಂತ ಬಂದ್ಬಿಡ್ತಿತ್ತಂತೆ. ಮುಂದಿನ ವಾರದವರೆಗೂ ಭಟ್ಟಿಲಿ ಅದೇ ಮಾತು. ಪರದೆ ಸರಿಸಿದ್ದು ನೋಡಕ್ಕೋ ತೋರಿಸ್ಕೊಳ್ಳಕ್ಕೋ ಅಂತ ಇಬ್ರು ಹೆಂಗಸ್ರು ಜಗಳ ಆಡ್ಕೊಂಡು ಎರಡು ದಿನ ಮಾತು ಬಿಟ್ಟಿದ್ರಂತೆ.

ನಾನು ಹೇಳೋದು ಇಷ್ಟೇರಿ, ಆಗ ಕಥೆ ನಿಧಾನ ಇತ್ತು ಅಂತಲ್ಲ, ಓದೋದೇ ನಿಧಾನ ಇತ್ತು. ಒಂದು ವಾರ ಅದನ್ನ ಮನಸ್ಸಲ್ಲಿ ಇಟ್ಕೊಂಡು ಮಂಡಕ್ಕಿ ಹುರಿಯೋರು. ಈಗ ನಮ್ಮ ಹುಡುಗಿ ಆ್ಯಪಲ್ಲಿ ಒಂದೇ ರಾತ್ರಿ ಐವತ್ತು ಕಂತು ಓದ್ತಾಳೆ, ಬೆಳಗ್ಗೆ ಕೇಳಿದ್ರೆ ಹೆಸರು ನೆನಪಿರಲ್ಲ. ನಮ್ಮಜ್ಜಿ ಸಾಯೋವರೆಗೂ ಆ ರಾಜಕುಮಾರಿ ಹೆಸರು ಹೇಳ್ತಿತ್ತು, ತನ್ನ ಮೊದಲನೇ ಮೊಮ್ಮಗಳಿಗೂ ಅದೇ ಹೆಸರು ಇಟ್ಟೈತಿ.

ಜೋಗಿಮಟ್ಟಿ ಗಾಳಿ:

ಅಣ್ಣಾ ನಾನೂ ಒಂದೇ ರಾತ್ರಿ ಓದೋಳೇ. ಇವತ್ತಿಂದ ದಿನಕ್ಕೆ ಒಂದೇ ಕಂತು. ಪ್ರಾಮಿಸ್.

ಚಂದ್ರವಳ್ಳಿ:

ನಾನು ಬರೆಯೋಕೆ ಟ್ರೈ ಮಾಡ್ತಿರೋನು, ದುರ್ಗದ ಹಿನ್ನೆಲೇಲಿ ಒಂದು ಕಾದಂಬರಿ ಶುರು ಮಾಡಿದೀನಿ, ಮದಕರಿ ನಾಯಕರ ಕೊನೆ ವರ್ಷಗಳು. ನಾಯಕ ಅರಮನೆ ಲೆಕ್ಕ ಬರೆಯೋ ಹುಡುಗ, ನಾಯಕಿ ನಾಗತಿಯೊಬ್ಬರ ಊಳಿಗದಲ್ಲಿ ಇರೋಳು (ನಮ್ಮ ದುರ್ಗದಲ್ಲಿ ನಾಯಕರ ರಾಣಿಯರಿಗೆ ನಾಗತಿ ಅಂತಿದ್ರು, ಹೊರಗಿನವರಿಗೆ ಗೊತ್ತಿರಲ್ಲ ಅಂತ ಹೇಳಿದೆ). ನಲವತ್ತು ಅಧ್ಯಾಯ ಬರೆದೆ, ಗೆಳೆಯರಿಗೆ ಕೊಟ್ರೆ ಎಳೆದಂಗಿದೆ ಅಂತಾರೆ. ನಿಧಾನಕ್ಕೂ ಎಳೆಯೋದಕ್ಕೂ ವ್ಯತ್ಯಾಸ ಎಲ್ಲಿದೆ ಅಂತ ನನಗೆ ಹಿಡೀಲಿಕ್ಕೆ ಆಗ್ತಿಲ್ಲ. ನಾನು ಏನ್ ಮಾಡಿದೀನಿ ಅಂದ್ರೆ ಅವರು ಸೇರೋ ಹೊತ್ತಿಗೆಲ್ಲ ಏನಾದ್ರೂ ಅಡ್ಡ ತಂದಿದೀನಿ, ಒಂದ್ಸಲ ಮಳೆ, ಒಂದ್ಸಲ ಪತ್ರ ಬೇರೆಯವರ ಕೈಗೆ ಸಿಗೋದು, ಇನ್ನೊಂದ್ಸಲ ಅವನನ್ನ ಬೇರೆ ಹುಡುಗಿ ಜೊತೆ ನೋಡಿ ಅವಳು ತಪ್ಪು ತಿಳ್ಕೊಳ್ಳೋದು. ಮೇಷ್ಟ್ರು ದಯವಿಟ್ಟು ಹೇಳಬೇಕು.

ಕೋಟೆ ಕೆಳಗಿನ ಮೇಷ್ಟ್ರು:

ಅಪ್ಪಾ, ಮಳೆ ನಿಂತು ಹೋಗುತ್ತೆ, ತಪ್ಪು ತಿಳುವಳಿಕೆ ಒಂದು ಮಾತಲ್ಲಿ ಬಗೆಹರಿಯುತ್ತೆ. ಬಾಯಿ ಬಿಟ್ಟು ಕೇಳಿದ್ರೆ ಮುಗಿದು ಹೋಗೋ ಅಡ್ಡಿಗೆ ನಲವತ್ತು ಅಧ್ಯಾಯ ಕೊಟ್ರೆ ಓದೋನಿಗೆ ನಾಯಕನ ಮೇಲೇ ಸಿಟ್ಟು ಬರುತ್ತೆ. ಅಡ್ಡಿ ಅರಮನೆಯಿಂದಾನೇ ಬರಬೇಕು. ಬಾಯಿ ಬಿಡೋದೇ ಅಪಾಯ ಅನ್ನೋ ಸ್ಥಿತಿ ಇರಬೇಕು.

ಒಂದು ಕೆಲಸ ಮಾಡು, ಬೆಳಗ್ಗೆ ಕೋಟೆಗೆ ಹೋಗು. ಎಲ್ಲರೂ ಒನಕೆ ಕಿಂಡಿಗೆ ಹೋಗಿ ಫೋಟೋ ತೆಕ್ಕೊಂಡು ಇಳಿದು ಬರ್ತಾರೆ, ನೀನು ಮೇಲೆ ಅರಮನೆ ಇದ್ದ ಜಾಗಕ್ಕೆ ಹೋಗು. ಅಲ್ಲಿ ನಿಂತಿರೋದು ಮಣ್ಣಿನ ಗೋಡೆ. ಏಳು ಸುತ್ತಿನ ಕೋಟೆ ಕಲ್ಲಿಂದು, ಒಳಗೆ ರಾಜ ಇದ್ದ ಮನೆ ಗೋಡೆ ಮಣ್ಣಿಂದು. ಹಂಗೇ ಹೆಜ್ಜೆ ಹಾಕಿ ಅಳತೆ ಮಾಡು, ಈ ಮೂಲೆಯಿಂದ ಆ ಮೂಲೆಗೆ. ಸಿನಿಮಾದಲ್ಲಿ ತೋರಿಸೋ ನೂರು ಕಂಬದ ಸಭೆ ಅಲ್ಲ ಅದು. ಅಷ್ಟು ಜಾಗದಲ್ಲಿ ಎಷ್ಟು ಜನ ಓಡಾಡ್ತಿದ್ರು ಅಂತ ಯೋಚನೆ ಮಾಡು, ಊಳಿಗದವರು, ಕಾವಲಿನವರು, ದಾದಿಯರು, ಅಡುಗೆಯವರು, ದಳವಾಯಿ ಕಡೆಯವರು. ನಿನ್ನ ಲೆಕ್ಕದ ಹುಡುಗ ಕೆಮ್ಮಿದ್ರೆ ಯಾರ್ಯಾರಿಗೆ ಕೇಳುತ್ತೆ? ಅವಳು ನೀರಿಗೆ ಹೋಗೋ ದಾರಿ ಯಾವುದು, ಅಕ್ಕತಂಗಿ ಹೊಂಡನೋ ಗೋಪಾಲಸ್ವಾಮಿ ಹೊಂಡನೋ, ಆ ದಾರೀಲಿ ಎಷ್ಟು ತಿರುವು, ಎಷ್ಟು ಬಂಡೆ ಮರೆ? ಅದು ಗೊತ್ತಾದ್ರೆ ಅವರಿಬ್ಬರೂ ಎಷ್ಟು ಉಸಿರು ಹೊತ್ತು ಮರೆಯಲ್ಲಿ ನಿಲ್ಲಬಹುದು ಅಂತ ನಿನಗೆ ಗೊತ್ತಾಗುತ್ತೆ. ಆಮೇಲೆ ನಿನಗೆ ಮಳೆ ಬೇಕಾಗಲ್ಲ.

ಇನ್ನೊಂದು ದೊಡ್ಡ ಮಾತಿದೆ, ಅದು ದುರ್ಗದವರಿಗೆ ಮಾತ್ರ ಸಿಕ್ಕಿರೋ ಭಾಗ್ಯನೋ ನೋವೋ ಗೊತ್ತಿಲ್ಲ. ನಮಗೆ ಕೊನೆ ಗೊತ್ತು. 1779. ಮದಕರಿ ನಾಯಕ ಪಟ್ಟಕ್ಕೆ ಬಂದಿದ್ದು 1754ರಲ್ಲಿ, ಇನ್ನೂ ಹುಡುಗ, ಇಪ್ಪತ್ತೈದು ವರ್ಷ ಆದ್ಮೇಲೆ ಕೋಟೆ ಹೈದರಾಲಿ ಕೈಗೆ ಹೋಯ್ತು, ನಾಯಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ್ರು. ತರಾಸು ತಮ್ಮ ಕಾದಂಬರಿಗೆ ದುರ್ಗಾಸ್ತಮಾನ ಅಂತಾನೇ ಹೆಸರಿಟ್ರು, ಮೊದಲನೇ ಪುಟಕ್ಕಿಂತ ಮುಂಚೆ ರಟ್ಟಿನ ಮೇಲೇ ಸೂರ್ಯ ಮುಳುಗ್ತಾನೆ ಅಂತ ಹೇಳಿಬಿಟ್ಟಿದಾರೆ, ಆದ್ರೂ ಜನ ಮತ್ತೆ ಮತ್ತೆ ಓದಿದ್ರು. ನಿನ್ನ ಕಥೇಲಿ 1775ನೇ ಇಸವಿಯ ಒಂದು ಸಂಜೆ ಆ ಹುಡುಗ "ಇರಲಿ, ಮುಂದಿನ ವರ್ಷ ಹಬ್ಬ ಆದ್ಮೇಲೆ ಹೇಳೋಣ" ಅಂತ ಮನಸ್ಸಲ್ಲಿ ಅನ್ಕೊಂಡ್ರೆ ಬೇರೆ ಊರಿನ ಓದುಗ ಸುಮ್ನೆ ಪುಟ ತಿರುಗಿಸ್ತಾನೆ, ದುರ್ಗದವನು ಅಲ್ಲೇ ನಿಂತ್ಕೊತಾನೆ. ಎಷ್ಟು ವರ್ಷ ಉಳಿದಿದೆ ಅಂತ ಬೆರಳಲ್ಲಿ ಎಣಿಸ್ತಾನೆ. ಹೇಳಿಬಿಡೋ ಮಾರಾಯ, ಇವತ್ತೇ ಹೇಳು ಅಂತ ಅವನಿಗೆ ಕೂಗಬೇಕು ಅನ್ಸುತ್ತೆ. ಅದನ್ನ ನೀನು ದುಡಿಸ್ಕೋ.

ಹೊಳಲ್ಕೆರೆ ರೋಡ್:

ಮೇಷ್ಟ್ರೆ ಇದು ಸರಿ. ಈ ಥರ ಬರೆದ್ರೆ ನಾನೂ ಓದ್ತೀನಿ. ಚಂದ್ರವಳ್ಳಿಯವ್ರೆ ಒಂದು ಕೇಳ್ಕೊಳ್ಳೋದು, ಊಳಿಗದ ಹುಡುಗಿ ಅಂದ್ರಲ್ಲ, ಅವಳಿಗೆ ಕಣ್ಣು ಕಿವಿ ಕೊಡಿ. ಯಾವಾಗಲೂ ಸಖಿ ಅನ್ನೋಳು ರಾಣಿ ಪತ್ರ ಹೊತ್ಕೊಂಡು ಹೋಗೋಕೆ ಮಾತ್ರ ಇರ್ತಾಳೆ, ಸಿಕ್ಕಿಬಿದ್ರೆ ಶಿಕ್ಷೆ ಅವಳಿಗೆ, ಪ್ರೇಮ ಮಾತ್ರ ರಾಣಿಗೆ. ಮೈಸೂರು ಚಿಕ್ಕದೇವರಾಜ ಒಡೆಯರ ಅರಮನೇಲಿ ಹೊನ್ನಮ್ಮ ಅಂತ ಇದ್ರು, ಕೆಲಸ ಎಲೆ ಅಡಿಕೆ ಸಂಚಿ ಹಿಡಿಯೋದು, ಅದಕ್ಕೇ ಸಂಚಿ ಹೊನ್ನಮ್ಮ. ಅವರೇ ಕೂತು ಹದಿಬದೆಯ ಧರ್ಮ ಅಂತ ಕಾವ್ಯ ಬರೆದ್ರು. ಸಂಚಿ ಹಿಡಿದು ರಾಜ ರಾಣಿ ಪಕ್ಕ ದಿನಾ ನಿಲ್ಲೋಳು ಎಷ್ಟೆಲ್ಲ ನೋಡಿರಬಹುದು. ಮೇಷ್ಟ್ರು ತಾಂಬೂಲದ ಕಥೆ ಹೇಳ್ದಾಗಲೇ ನನಗೆ ಅನ್ನಿಸ್ತು, ಆ ವೀಳ್ಯ ಕಟ್ಟಿಕೊಟ್ಟ ಕೈ ಯಾರದ್ದು ಅಂತ.

ಕೋಟೆ ಕೆಳಗಿನ ಮೇಷ್ಟ್ರು:

ಒಳ್ಳೇ ಮಾತು. ಇಷ್ಟು ವರ್ಷ ಪಾಠ ಮಾಡಿದೆ, ಇದು ನನಗೆ ಹೊಳೆದಿರಲಿಲ್ಲ.

ಹರಿಹರದಕ್ಕ:

ನಾನು ಬರೆಯೋದು ಕಮ್ಮಿ, ಓದ್ಕೊಂಡು ಹೋಗ್ತೀನಿ ಅಷ್ಟೆ. ಮಗ ಫೋನಲ್ಲಿ ಕನ್ನಡ ಕೀಲಿಮಣೆ ಹಾಕ್ಕೊಟ್ಟಾನ, ತಪ್ಪಿದ್ರೆ ತಿದ್ದಿ ಓದ್ಕೊಳ್ರಿ.

ಸ್ಲೋ ಬರ್ನು ಅಂತೀರಲ್ಲ, ನಮಗೆ ಅದು ಸಣ್ಣ ಉರಿ. ಕುಳ್ಳಿನ ಕೆಂಡದ ಮೇಲೆ ಹಾಲಿನ ಗಡಿಗಿ ಬೆಳಿಗ್ಗೆ ಇಟ್ರೆ ಸಂಜಿ ಮುಂದ ತೆಗಿಯೋದು, ಹಾಲು ಕೆಂಪಗಾಗಿ ಮ್ಯಾಲೆ ದಪ್ಪ ಕೆನಿ ಕಟ್ಟಿರ್ತಿತ್ತು. ಗ್ಯಾಸಿನ ಮ್ಯಾಲೆ ಐದು ನಿಮಿಷಕ್ಕ ಉಕ್ಕಿಸಿದ ಹಾಲಿಗೆ ಆ ಕೆನಿ ಬರಂಗಿಲ್ಲ.

ನಾನು ಹರಿಹರದಿಂದ ದಾವಣಗೆರೆಗೆ ಮದುವಿ ಆಗಿ ಬಂದಾಗ ನಂಗೆ ಹತ್ತೊಂಬತ್ತು. ಮನೀಲಿ ಹದಿನಾಕು ಮಂದಿ. ಅತ್ತಿ, ಮಾವ, ದೊಡ್ಡತ್ತಿ, ಮೂರು ಜನ ನೆಗೆಣ್ಣೇರು, ಮೈದುನರು, ಮಕ್ಳು. ಮನೆಯವ್ರು ಹತ್ತಿ ಗಿರಣಿ ಕೆಲ್ಸ, ಪಾಳಿ. ಹಗಲೊತ್ತು ಗಂಡನ ಜೊತಿ ಹೆಂಡ್ತಿ ಮಾತಾಡಿದ್ರೆ ಎಲ್ರೂ ತಿರುಗಿ ನೋಡೋರು. ಮದುವಿಗಿಂತ ಮೊದ್ಲು ಅವ್ರ ಮುಖ ನಾನು ಒಂದ್ಸಲ ನೋಡಿದ್ದು, ಅದೂ ಕಾಫಿ ಲೋಟ ಕೊಡ್ತಾ. ಅಂದ್ರೆ ನಮ್ಮ ಕಾಲದವ್ರಿಗೆ ಮದುವಿ ಮೊದ್ಲು, ಪರಿಚಯ ಆಮೇಲೆ. ನೀವು ಅರಮನಿ ಅಂತೀರಿ, ರಾಣಿವಾಸ ಅಂತೀರಿ, ಎಲ್ಲಾರ ಕಣ್ಣು ಇರ್ತಾವ ಅಂತೀರಿ. ಆ ಪುಸ್ತಕ ಓದ್ವಾಗ ನಂಗೆ ಅದು ಅರಮನಿ ಅನಿಸ್ತಾನೇ ಇರ್ಲಿಲ್ಲ, ನಮ್ಮ ಮನಿ ಪಡಸಾಲಿನೇ ಕಣ್ಮುಂದ ಬರ್ತಿತ್ತು. ಪಟ್ಟದ ರಾಣಿ ಅಂದ್ರೆ ನಮ್ಮತ್ತಿ. ಕಾವಲಿನವ್ರು ಅಂದ್ರೆ ಬಾಗಿಲಲ್ಲಿ ಕೂತು ಅಕ್ಕಿ ಆರಿಸೋ ದೊಡ್ಡತ್ತಿ.

ಅವ್ರು ಪಾಳಿ ಮುಗಿಸಿ ಬಂದ್ರೆ ಟಿಫನ್ ಕ್ಯಾರಿಯರ್ ಅತ್ತಿ ಕೈಗೆ ಕೊಡೋರು. ಅತ್ತಿ ಮೇಲಿನ ಎರಡು ಡಬ್ಬಿ ತೆಗೆದು ನೋಡಿ, ಅನ್ನ ಬಿಟ್ಟಾನೋ ಇಲ್ಲೋ ಅಂತ ನೋಡಿ, ತೊಳಿ ಅಂತ ನನ್ ಕಡೆ ಸರಿಸೋರು. ಕೆಳಗಿನ ಡಬ್ಬಿ ಯಾರೂ ತೆಗೀತಿರ್ಲಿಲ್ಲ, ಅದು ಸಾರಿನ ಡಬ್ಬಿ, ಮುಚ್ಚಳ ಬಿಗಿ. ಮದುವಿ ಆಗಿ ಎರಡು ತಿಂಗಳಾಗಿತ್ತೇನೋ, ಬಚ್ಚಲ ಹತ್ರ ಕೂತು ಆ ಡಬ್ಬಿ ತೆಗೆದ್ರೆ ಒಳಗ ಸಾರಿನ ಡಬ್ಬೀನ ತೊಳೆದು ಒರೆಸಿ, ಬಾಳಿ ಎಲಿ ಚೂರಲ್ಲಿ ಸುತ್ತಿ, ಒಂದು ಗೇಣು ಕನಕಾಂಬರದ ಮಾಲಿ. ನಾನು ಸುತ್ತ ನೋಡ್ದೆ. ನೆಗೆಣ್ಣಿ ಅಲ್ಲೇ ಬಟ್ಟಿ ಒಗೀತಿದ್ಲು. ಸೆರಗಲ್ಲಿ ಕಟ್ಕೊಂಡೆ. ಮುಡಕೊಂಡ್ರೆ ಎಲ್ಲಿಂದ ಬಂತು ಅಂತ ಕೇಳ್ತಾರ, ಅದಕ್ಕ ಮುಡೀಲಿಲ್ಲ. ರಾತ್ರಿ ದಿಂಬಿನ ಕೆಳಗ ಇಟ್ಕೊಂಡೆ. ಕನಕಾಂಬರಕ್ಕ ವಾಸನಿ ಇರಂಗಿಲ್ಲ ನೋಡ್ರಿ, ಮಲ್ಲಿಗಿ ಆಗಿದ್ರೆ ಇಡೀ ಮನಿಗೆ ಗೊತ್ತಾಗ್ತಿತ್ತು. ಅವ್ರು ಅದನ್ನ ಯೋಚ್ನಿ ಮಾಡಿ ಕನಕಾಂಬರ ತಂದಾರ ಅಂತ ನಂಗೆ ತಿಳಿದಿದ್ದು ಎಷ್ಟೋ ದಿನ ಆದಮ್ಯಾಲೆ.

ಇಂಥ ಪುಸ್ತಕ ನಮ್ಮಂಥೋರು ಯಾಕ ಓದ್ತಾರ ಅಂದ್ರೆ ನಾನು ಇದನ್ನೇ ಹೇಳೋದು. ಓಣಿ ತುದೀಲಿ ಬಾಡಿಗಿ ಪುಸ್ತಕದಂಗಡಿ ಇತ್ತು, ನೆಗೆಣ್ಣಿ ತರೋಳು, ಮೂರು ಜನ ಸರತಿ ಹಾಕ್ಕೊಂಡು ಓದ್ತಿದ್ವಿ. ರಾಣಿ ಏನ್ ಮಾಡಿದ್ಲು ಅಂತ ಮೂರೂ ಜನ ಮಾತಾಡ್ತಿದ್ವಿ. ನಮ್ಮ ನಮ್ಮ ಗಂಡಂದಿರ ವಿಷ್ಯ ಮಾತ್ರ ಒಬ್ರೂ ಎತ್ತಿದವರಲ್ಲ. ಈಗ ಅನಿಸ್ತೈತಿ, ಅವ್ರ ಡಬ್ಬಿಲೂ ಏನಾದ್ರೂ ಇರ್ತಿತ್ತೇನೋ.

ಪುಷ್ಕರಣಿ ಮೆಟ್ಟಿಲು:

ಅಕ್ಕಾ. ಬ್ಯಾಂಕಲ್ಲಿ ಕೌಂಟರ್ ಹಿಂದೆ ಕೂತು ಓದ್ದೆ ಇದನ್ನ, ಮುಂದೆ ಜನ ನಿಂತಿದ್ರು, ಕಣ್ಣು ಒರೆಸ್ಕೊಂಡು ಟೋಕನ್ ಕೂಗಿದೆ. ನಾನು ಸಂತೇಬೆನ್ನೂರು ಹೊಂಡದ ಮಂಟಪದಲ್ಲಿ ಯಾರನ್ನ ನಿಲ್ಲಿಸ್ತಿದ್ದೆನೋ ಅವ್ರ ಮುಖ ನಂಗೆ ಯಾವತ್ತೂ ಕಾಣ್ತಿರ್ಲಿಲ್ಲ. ಕಿರೀಟ ಹಾಕಿದೋರು ಅಂತ ಅನ್ಕೊಂಡಿದ್ದೆ ಅಷ್ಟೇ.

ಮನೆಯವ್ರಿಗೂ ಓದಿ ಹೇಳಿದೆ ಸಂಜೆ. ಈ ಸಲ ಏನೂ ಆಗ್ಲೇ ಇಲ್ವಲ್ಲ ಅನ್ಲಿಲ್ಲ. ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ ಆ ದೀಪದ ಧಾರಾವಾಹಿ ಹೆಸರೇನು ಅಂತ ಕೇಳಿದ್ರು.

ಚಂದ್ರವಳ್ಳಿ:

ಇವತ್ತು ಬೆಳಗ್ಗೆ ಕೋಟೆಗೆ ಹೋಗಿದ್ದೆ, ಮೇಷ್ಟ್ರು ಹೇಳಿದಂಗೆ ಅಳೆದೆ. ಮಣ್ಣಿನ ಗೋಡೆ ಹತ್ರ ನಿಂತು ಗೆಳೆಯನ್ನ ಆ ಕಡೆ ನಿಲ್ಲಿಸಿ ಮೆಲ್ಲಗೆ ಮಾತಾಡು ಅಂದೆ, ಗಾಳಿ ಈ ಕಡೆ ಇದ್ದಾಗ ಕೇಳುತ್ತೆ, ಆ ಕಡೆ ತಿರುಗಿದ್ರೆ ಇಲ್ಲ. ದುರ್ಗದ ಗಾಳಿ ಗೊತ್ತಲ್ಲ. ನಲವತ್ತು ಅಧ್ಯಾಯದಲ್ಲಿ ಇಪ್ಪತ್ತಾರು ಕಿತ್ತು ಹಾಕ್ತಿದೀನಿ. ಮಳೆ ಇಲ್ಲ, ಬೇರೆ ಹುಡುಗಿ ಇಲ್ಲ. ಗಾಳಿ ಯಾವ ಕಡೆ ಇದೆ ಅಂತ ನೋಡ್ಕೊಂಡು ಮಾತಾಡೋ ಇಬ್ರು ಇದಾರೆ ಈಗ.

ಅಕ್ಕ, ನಿಮ್ಮನ್ನ ಒಂದು ಕೇಳಬೇಕು, ಬೇಜಾರು ಮಾಡ್ಕೋಬೇಡಿ. ನೀವು ಆ ಡಬ್ಬೀಲಿ ಏನಾದ್ರೂ ವಾಪಸ್ ಕಳಿಸಿದ್ರಾ?

ಹರಿಹರದಕ್ಕ:

ಕಳಿಸಿದ್ದೆ ತಮ್ಮಾ. ಅನ್ನದ ಡಬ್ಬಿ ತಳಕ್ಕ ಎರಡು ಏಲಕ್ಕಿ, ಸಿಪ್ಪಿ ಸುಲಿದು. ಅತ್ತಿ ಎದುರಿಗೇ ಅನ್ನ ತುಂಬೋದು, ಮೊದ್ಲು ಏಲಕ್ಕಿ ಬೆರಳ ಸಂದೀಲಿ ಹಿಡ್ಕೊಂಡು ಬಿಟ್ಟು ಮ್ಯಾಲೆ ಅನ್ನ ಹಾಕ್ತಿದ್ದೆ. ಹನ್ನೊಂದು ವರ್ಷ, ಮನಿ ಬ್ಯಾರೆ ಆಗೋವರೆಗೂ. ಅವ್ರು ಒಂದಿನಾನೂ ಕೇಳಿಲ್ಲ, ನಾನೂ ಹೇಳಿಲ್ಲ. ಊಟ ಮಾಡಿ ಬಂದಾಗ ಹತ್ರ ಹಾದು ಹೋದ್ರೆ ವಾಸನಿ ಬರ್ತಿತ್ತು.

ನಿನ್ನ ಪುಸ್ತಕಕ್ಕ ಬೇಕಂದ್ರೆ ಬರ್ಕೊ. ಆದ್ರೆ ಏಲಕ್ಕಿ ಅಂತ ಬರೀಬ್ಯಾಡ ಮಗಾ, ಲವಂಗ ಹಾಕು. ಏಲಕ್ಕಿ ನಮ್ಮದು.